ಸೊಸೆ ಹೋದ ಅಂಗಡಿಗಳು

ಸೆಪ್ಟೆಂಬರ್ 20, 1953, ರವಿವಾರ

ಇವತ್ತಿನಿಂದ ಬರೆದಿಡುತ್ತೇನೆ. ನೆನಪನ್ನು ನಂಬಿ ಕೂತರೆ, ನಾಳೆ ಮಗ ಬಸವಂತ ಎದುರು ನಿಂತು ಕೇಳಿದಾಗ ತಡವರಿಸಬೇಕಾಗುತ್ತದೆ. ಗೂಡ್ಸ್ ಗಾಡಿಯ ಗಾರ್ಡ್ ಆಗಿ ಹುಬ್ಬಳ್ಳಿಯ ಆಚೀಚೆ ಆಯುಷ್ಯವೆಲ್ಲ ತಿರುಗಿದವನು ನಾನು. ವ್ಯಾಗನ್ನಿನ ಬಾಗಿಲಿನ ಸೀಲು ಯಾರಾದರೂ ಮುಟ್ಟಿದ್ದರೆ ದೂರದಿಂದಲೇ ಹೇಳುತ್ತಿದ್ದೆ. ಮನೆಯೊಳಗೆ ಆಗುತ್ತಿರುವುದು ತಿಳಿಯದೆ ಹೋಗುತ್ತದೆಯೆ?

ಸೊಸೆ ನೀಲಾಂಬಿಕಾ ಊಟದ ಕೆಲಸ ಮುಗಿಸಿ ಚೀಲ ಹಿಡಿದು ಹೊರಗೆ ಹೋದಳು. ತೊಗರಿಬೇಳೆ ತರುತ್ತೇನೆ ಎಂದಳು. ಧಂತೋಲಿ ಬಡಾವಣೆಯ ಈ ಬಾಡಿಗೆ ಮನೆಯಿಂದ ಕಿರಾಣಿ ಅಂಗಡಿ ಕೂಗಳತೆಯಲ್ಲಿದೆ. ಅವಳು ತಿರುಗಿ ಬಂದದ್ದು ದೀಪ ಹಚ್ಚುವ ಹೊತ್ತಿಗೆ. ಚೀಲದಲ್ಲಿ ಬೇಳೆ ಇರಲಿಲ್ಲ. ಕೇಳಿದ್ದಕ್ಕೆ, ಅಂಗಡಿ ಮುಚ್ಚಿತ್ತು ಎಂದಳು. ಮಧ್ಯಾಹ್ನ ನಾನು ಅದೇ ಅಂಗಡಿಯಲ್ಲಿ ತಂಬಾಕು ಕೊಂಡಿದ್ದೆ. ಆದರೂ ಸುಮ್ಮನಾದೆ. ಮೊದಲ ಸುಳ್ಳಿಗೇ ಹಿಡಿದುಬಿಟ್ಟರೆ ಉಳಿದವು ಹೊರಗೆ ಬರುವುದಿಲ್ಲ.

ಬಸವಂತ ರೈಲ್ವೆಯ ಸೇತುವೆ ಕೆಲಸದಲ್ಲಿದ್ದಾನೆ. ಬೈತೂಲ್ ಆಚೆ ಯಾವುದೋ ಹೊಳೆಗೆ ಕಬ್ಬಿಣದ ತೊಲೆ ಬದಲಿಸುತ್ತಿದ್ದಾರಂತೆ. ಪಂಚಮಿಗೂ ಬರಲಿಲ್ಲ, ಗಣಪತಿ ಹಬ್ಬಕ್ಕೂ ಬರಲಿಲ್ಲ. ರಜೆ ಸಿಕ್ಕಿಲ್ಲ, ದೀಪಾವಳಿಗೆ ಬರುತ್ತಾರೆ ಎನ್ನುತ್ತಾಳೆ. ಮಗನ ಸುದ್ದಿಯೆಲ್ಲ ಅವಳ ಬಾಯಿಂದಲೇ ನನಗೆ ಬರಬೇಕು. ಹೆಂಡತಿ ಲಕ್ಷ್ಮವ್ವ ತೀರಿಕೊಂಡ ಮೇಲೆ ಊರು ಬಿಟ್ಟು ಇಲ್ಲಿಗೆ ಬಂದೆ. ಮರಾಠಿ ಮಾತಿನ ಈ ಊರಿನಲ್ಲಿ ನನ್ನ ಭಾಷೆಯಲ್ಲಿ ಮಾತಾಡುವುದು ಇವಳೊಬ್ಬಳೇ. ಇವಳೇ ಸುಳ್ಳು ಹೇಳುತ್ತಾಳೆ.

ಲಕ್ಷ್ಮವ್ವ ಇದ್ದಿದ್ದರೆ ಈ ಕೆಲಸ ಅವಳದಾಗಿರುತ್ತಿತ್ತು. ಒಂದೇ ನೋಟದಲ್ಲಿ ಮುಗಿಸುತ್ತಿದ್ದಳು.

ಸೆಪ್ಟೆಂಬರ್ 23, ಬುಧವಾರ

ಇವತ್ತು ಹಿಂಬಾಲಿಸಿದೆ. ಅವಳು ಸೈಕಲ್ ರಿಕ್ಷಾ ಹತ್ತಿದಳು, ನಾನು ಟಾಂಗಾ ಹತ್ತಿದೆ. ಸದರ್ ಬಜಾರಿನಲ್ಲಿ ಇಳಿದು, ಹೆಸರಿನ ಹಲಗೆಯ ಬಣ್ಣ ಉದುರಿದ ಒಂದು ಅಂಗಡಿಗೆ ಹೋದಳು. ಕಿಟಕಿಯಲ್ಲಿ ಒಂದು ಹುಲಿ ಬಾಯಿ ತೆರೆದು ನಿಂತಿತ್ತು. ಸತ್ತ ಹುಲಿ. ಶಿಕಾರಿಯವರು ಹೊಡೆದು ತಂದ ಪ್ರಾಣಿಗಳ ಚರ್ಮಕ್ಕೆ ಹೊಟ್ಟು ತುಂಬಿ, ಬದುಕಿದ ಹಾಗೆ ನಿಲ್ಲಿಸಿಕೊಡುವ ಅಂಗಡಿ ಅದು.

ಎದುರಿನ ಪಾನ್ ಅಂಗಡಿಯಲ್ಲಿ ನಿಂತೆ. ಅವಳು ಹೊರಗೆ ಬಂದಾಗ ಮುಖ ಬಾಡಿತ್ತು. ಅತ್ತ ಹೋದ ಮೇಲೆ ನಾನು ಒಳಗೆ ಹೋದೆ. ಚರ್ಮದ ನಾತ, ಕರ್ಪೂರದ ನಾತ. ಗೋಡೆ ತುಂಬ ಜಿಂಕೆಯ ತಲೆಗಳು. ಒಂದು ಕರಡಿಯ ಕೈಯಲ್ಲಿ ತಟ್ಟೆ ಹಿಡಿಸಿದ್ದರು, ಬಂದವರು ಹೆಸರಿನ ಚೀಟಿ ಇಡಲೆಂದು. ಟೊಪ್ಪಿಗೆ ಹಾಕಿದ ಕ್ರಿಸ್ತಿಯನ್ ಮುದುಕ, ಏನು ಹೊಡೆದು ತಂದಿರಿ ಎಂದು ಕೇಳಿದ. ಹಿತ್ತಲಲ್ಲಿ ಒಂದೆರಡು ಹಾವು ಬಿಟ್ಟರೆ ಬೇರೇನೂ ಹೊಡೆದವನಲ್ಲ ನಾನು. ಸುಮ್ಮನೆ ನೋಡಲು ಬಂದೆ ಎಂದೆ. ಆತ ಖುಷಿಯಿಂದ ಎಲ್ಲ ತೋರಿಸಿದ. ನರಿಯ ಬಾಲ ಎಷ್ಟು ಮೆತ್ತಗಿತ್ತು ಎಂದರೆ ಎರಡು ಸಲ ಮುಟ್ಟಿದೆ. ಈಗ ಬಂದ ಹೆಂಗಸು ಏನು ಕೇಳಿದಳು ಎಂದಾಗ ಮಾತ್ರ ಮುದುಕನ ಮುಖ ಬಿಗಿಯಾಯಿತು. ಗಿರಾಕಿಯ ಮಾತು ಇನ್ನೊಬ್ಬ ಗಿರಾಕಿಗೆ ಹೇಳುವುದಿಲ್ಲ ಎಂದ.

ಅಂದರೆ ಹೇಳಬಾರದಂಥದು ಏನೋ ಇದೆ.

ಸೆಪ್ಟೆಂಬರ್ 26, ಶನಿವಾರ

ಈ ಸಲ ಮಹಾಲ್ ಕಡೆಯ ಚಿತಾರ್ ಓಳಿಗೆ ಹೋದಳು. ಇಡೀ ಓಣಿಯಲ್ಲಿ ಮೂರ್ತಿ ಮಾಡುವವರೇ. ನವರಾತ್ರಿಗೆ ದೇವಿಯರು ಸಾಲಾಗಿ ನಿಂತಿದ್ದಾರೆ, ಇನ್ನೂ ಮುಖವಿಲ್ಲದವರು. ಕಣ್ಣು ಬರೆಯುವ ಒಬ್ಬನ ಹತ್ತಿರ ಕೂತು ಬಹಳ ಹೊತ್ತು ಮಾತಾಡಿದಳು. ಚೀಲದಿಂದ ಏನೋ ತೆಗೆದು ತೋರಿಸಿದಳು. ಕಾಗದದಷ್ಟು ತೆಳ್ಳಗಿನದು. ಆತ ತಲೆ ಅಲ್ಲಾಡಿಸಿದ.

ಬರೀ ನಿಂತರೆ ಸಂಶಯ ಬರುತ್ತದೆ ಎಂದು, ಎತ್ತುಗಳ ಪೋಳಾ ಹಬ್ಬಕ್ಕೆ ಮಾಡಿ ಉಳಿದಿದ್ದ ಒಂದು ಮರದ ಎತ್ತು ಕೊಂಡೆ. ಕಾಲಿಗೆ ಗಾಲಿ ಇದೆ. ಕೊಂಬಿಗೆ ಕೆಂಪು ಬಣ್ಣ. ಕೆಲಸದ ಖರ್ಚು ಎಂದು ತಿಳಿಯಬೇಕು.

ಮನೆಯಲ್ಲಿ ನನ್ನ ಹಾಸಿಗೆ ಹತ್ತಿರ ಅದನ್ನು ನೋಡಿ, ಎಲ್ಲಿಂದ ತಂದಿರಿ ಎಂದು ಕೇಳಿದಳು. ಸೀತಾಬರ್ಡಿ ಬಜಾರಿನಲ್ಲಿ ಎಂದೆ.

ಸೆಪ್ಟೆಂಬರ್ 30, ಬುಧವಾರ

ಗೋಡೆಯ ಮೇಲಿನ ಬಸವಂತನ ಫೋಟೋ ಇಲ್ಲ. ಮೊಳೆ ಮಾತ್ರ ಇದೆ. ಗಾಜು ಒಡೆದಿತ್ತು, ಚೌಕಟ್ಟು ಹಾಕಲು ಕೊಟ್ಟಿದ್ದೇನೆ ಎಂದಳು. ಯಾವ ಅಂಗಡಿ ಎಂದರೆ, ಸೀತಾಬರ್ಡಿ ಎಂದಳು. ನನ್ನ ಮಾತನ್ನೇ ನನಗೆ ತಿರುಗಿಸಿ ಕೊಟ್ಟಳೋ ಏನೋ.

ಸೀತಾಬರ್ಡಿಯ ಚೌಕಟ್ಟಿನ ಅಂಗಡಿಗಳನ್ನೆಲ್ಲ ತಿರುಗಿದೆ. ಯಾರ ಹತ್ತಿರವೂ ಇಲ್ಲ. ಗಂಡನ ಫೋಟೋ ಗೋಡೆಯಿಂದ ಇಳಿಸುವ ಹೆಂಗಸು ಮುಂದೇನು ಮಾಡಬಹುದು ಎಂದು ಯೋಚಿಸುತ್ತ ನಡೆದೆ.

ದಾರಿಯಲ್ಲಿ ಬರೀ ಬೀಗ ಮಾರುವ ಒಂದು ಅಂಗಡಿ ಸಿಕ್ಕಿತು. ಮೀನಿನ ಆಕಾರದ ಬೀಗ, ಕೀಲಿ ಹಾಕಿದರೆ ಗಂಟೆ ಬಾರಿಸುವ ಬೀಗ. ಅರ್ಧ ದಿನ ಅಲ್ಲೇ ಹೋಯಿತು. ಇದಕ್ಕೂ ಅವಳಿಗೂ ಸಂಬಂಧವಿಲ್ಲ, ಆದರೂ ಬರೆದಿದ್ದೇನೆ.

ಅಕ್ಟೋಬರ್ 3, ಶನಿವಾರ

ಪಕ್ಕದ ಮನೆಯ ವತ್ಸಲಾಬಾಯಿ ಬಂದು ಬಾಗಿಲಲ್ಲಿ ಕೂತಳು. ಮರಾಠಿಯಲ್ಲಿ ಅದೂ ಇದೂ ಮಾತಾಡಿ ಕೊನೆಗೆ ವಿಷಯಕ್ಕೆ ಬಂದಳು. ನಿಮ್ಮ ಸೂನ್‌ಬಾಯಿ, ಅಂದರೆ ಸೊಸೆ, ಊಟದ ಡಬ್ಬಿ ಹಿಡಿದು ಕಾಮಠಿ ಬಸ್ಸು ಹತ್ತಿದ್ದನ್ನು ನಮ್ಮವರು ಎರಡು ಸಲ ನೋಡಿದ್ದಾರೆ, ಕಾಮಠಿಯಲ್ಲಿ ನಿಮ್ಮವರು ಯಾರಿದ್ದಾರೆ ಎಂದು ಕೇಳಿದಳು. ಇದ್ದಾರೆ ಎಂದೆ. ಅವಳು ನಂಬಲಿಲ್ಲ.

ಕಾಮಠಿಯಲ್ಲಿ ಇರುವವನು ಪಾಂಡುರಂಗ ಒಬ್ಬನೇ. ಬಸವಂತನ ಗೆಳೆಯ, ಅಲ್ಲಿಯ ಪಲ್ಟನ್ ಕಚೇರಿಯಲ್ಲಿ ಗುಮಾಸ್ತ. ಇನ್ನೂ ಮದುವೆಯಾಗಿಲ್ಲ. ಯುಗಾದಿಗೆ ನಮ್ಮ ಮನೆಗೆ ಉಣ್ಣಲು ಬಂದಿದ್ದಾಗ, ವೈನಿ ಕೈಯ ಝುಣಕ ಹೀಗಿರುತ್ತದೆ ಹಾಗಿರುತ್ತದೆ ಎಂದು ಹೊಗಳಿದ್ದ. ಆವತ್ತೇ ನನಗೆ ಆ ಹೊಗಳಿಕೆ ಹಿಡಿಸಿರಲಿಲ್ಲ.

ಈಗ ಹಿಂದಿನದೂ ನೆನಪಿಗೆ ಬರುತ್ತಿದೆ. ಪಂಚಮಿಗೆ ಮುಂಚೆ, ಗೆಳತಿಯ ಬಾಣಂತನ ಎಂದು ಹೇಳಿ ಒಂದು ವಾರ ಮನೆಯಲ್ಲಿ ಇರಲಿಲ್ಲ. ವತ್ಸಲಾಬಾಯಿಯ ಮನೆಯಿಂದ ನನಗೆ ಊಟ ಬರುತ್ತಿತ್ತು. ಯಾವ ಗೆಳತಿ, ಗಂಡೋ ಹೆಣ್ಣೋ, ಏನೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಅಕ್ಟೋಬರ್ 6, ಮಂಗಳವಾರ

ಅವಳು ನೀರು ತರಲು ಹೋದಾಗ ಟ್ರಂಕು ತೆರೆದೆ. ಮಾಡಬಾರದಿತ್ತು, ಮಾಡಿದೆ. ಬಸವಂತನ ಎರಡು ಅಂಗಿ, ಒಂದು ಧೋತರ ಇಲ್ಲ. ನನ್ನ ಮಗನ ಅಂಗಿ ಹಾಕಿಕೊಂಡು ಕಾಮಠಿಯಲ್ಲಿ ಒಬ್ಬ ಇವಳು ಕೊಂಡೊಯ್ದ ರೊಟ್ಟಿ ತಿನ್ನುತ್ತಿದ್ದಾನೆ.

ರಾತ್ರಿ ಊಟಕ್ಕೆ ಕೂತಾಗ ಕೇಳಿದೆ.

“ನೀಲವ್ವ, ಬಸವಂತನ ನೀಲಿ ಅಂಗಿ ಕಾಣವಲ್ದು.”

ರೊಟ್ಟಿ ಬಡಿಯುವ ಕೈ ನಿಂತಿತು. “ಬೈತೂಲಿಗೆ ಒಯ್ದಾರ್ರಿ ಮಾವಾರ.”

“ಅವ ಹೋಗೂ ಮುಂದ ಬಿಳಿ ಅಂಗಿ ಎರಡು ಒಯ್ದಿದ್ದ. ನಾನ ಮಡಚಿ ಕೊಟ್ಟಿದ್ದೆ.”

ಅವಳು ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. ಕಣ್ಣು ಕೆಂಪಾಗಿದ್ದವು. ತಪ್ಪು ಮಾಡಿದವರ ಕಣ್ಣು ಹಾಗೆಯೇ ಇರುತ್ತವೆ.

ಅಕ್ಟೋಬರ್ 10, ಶನಿವಾರ

ಇವತ್ತಿನ ಅಂಗಡಿ ಮಹಾಲ್‌ನಲ್ಲಿ. ನಾಟಕದವರಿಗೆ ವೇಷ ಬಾಡಿಗೆಗೆ ಕೊಡುವ ಮಾಳಿಗೆ. ರಾಜರ ಕಿರೀಟ, ರಾಕ್ಷಸರ ಗಡ್ಡ, ಹೆಣ್ಣುವೇಷದ ಜಡೆಗಳು ಹಗ್ಗಕ್ಕೆ ಜೋತುಬಿದ್ದಿದ್ದವು. ಅವಳು ಕಪ್ಪು ಗಾಜಿನ ಗಂಡಸರ ಕನ್ನಡಕ ಕೊಂಡಳು. ಇದನ್ನು ಕಣ್ಣಾರೆ ಕಂಡೆ. ಮುಖ ಮುಚ್ಚಿಕೊಂಡು ತಿರುಗಬೇಕಾದ ಗಂಡಸು ಯಾರು?

ಅವಳು ಇಳಿದು ಹೋದ ಮೇಲೆ ಮಾಲಕ ನನಗೆ ಒಂದು ಬಿಳಿ ಗಡ್ಡ ಕಟ್ಟಿ ಕನ್ನಡಿ ತೋರಿಸಿದ. ಋಷಿಯ ಪಾತ್ರಕ್ಕೆ ಬರೋಬರ್ ಇದ್ದೀರಿ ಎಂದ. ನಗು ಬಂತು. ಲಕ್ಷ್ಮವ್ವ ಹೋದ ಮೇಲೆ ಕನ್ನಡಿಯಲ್ಲಿ ನಾನು ನಕ್ಕದ್ದು ನೋಡಿರಲಿಲ್ಲ.

ಆದರೆ ನಿಶ್ಚಯ ಮಾಡಿದ್ದೇನೆ. ದೀಪಾವಳಿಗೆ ಬಸವಂತ ಬಂದ ದಿನವೇ ಎಲ್ಲವನ್ನೂ ಹೇಳುತ್ತೇನೆ. ಹಬ್ಬ ಮುಗಿದ ಮಾರನೆಯ ದಿನ ಅವಳನ್ನು ಗದಗಿಗೆ, ಅವಳ ತವರಿಗೆ ಕಳಿಸಬೇಕು. ನಾನೇ ಗಾಡಿ ಹತ್ತಿಸಿ ಬರುತ್ತೇನೆ. ಅವಳ ಅಪ್ಪನಿಗೆ ಏನು ಹೇಳಬೇಕು ಎಂಬುದನ್ನೂ ಮನಸ್ಸಿನಲ್ಲಿ ಜೋಡಿಸಿ ಇಟ್ಟಿದ್ದೇನೆ.

ಅಕ್ಟೋಬರ್ 12, ಸೋಮವಾರ

ಇತ್ವಾರಿ ಪೇಟೆಗೆ ಹೋಗಿ ಬಂದೆ. ಬರೆಯಲಾಗುವುದಿಲ್ಲ.

ಅಕ್ಟೋಬರ್ 13, ಮಂಗಳವಾರ

ಇತ್ವಾರಿಯ ಒಳಗಲ್ಲಿಯಲ್ಲಿ ಮುಲ್ಲಾಜಿ ಎಂಬ ಬೋಹರಾ ಮುಸಲ್ಮಾನ ಮುದುಕನ ಗಾಜಿನಂಗಡಿ ಇದೆ. ಲಾಟೀನಿನ ಬುರುಡೆ, ಅತ್ತರಿನ ಸೀಸೆ, ಕನ್ನಡಿ, ಕನ್ನಡಕ, ಗಾಜಿನ ಗೋಲಿ, ಮಣಿ, ಗಾಜಿನದು ಎಂದರೆ ಎಲ್ಲ ಅಲ್ಲಿ. ಮಾಡಿನ ಸಂದಿನಿಂದ ಬಿದ್ದ ಬಿಸಿಲಿಗೆ ಅಂಗಡಿಯೆಲ್ಲ ಮಿಣಮಿಣ ಎನ್ನುತ್ತಿತ್ತು. ನಿನ್ನೆ ಅವಳು ಒಳಗೆ ಕೂತು ಹೊರಗೆ ಬರುವವರೆಗೆ ಕಾದೆ. ಆಮೇಲೆ ಹೋಗಿ, ಈಗ ಬಂದಿದ್ದ ಹೆಣ್ಣುಮಗಳು ನೋಡಿದ ಸಾಮಾನೇ ನನಗೂ ತೋರಿಸಿ ಎಂದೆ. ಇದು ನನ್ನ ಹೊಸ ಉಪಾಯ.

ಮುದುಕ ಒಂದು ಚಪ್ಪಟೆ ಮರದ ಪೆಟ್ಟಿಗೆ ತೆರೆದು ಮುಂದಿಟ್ಟ. ಹತ್ತಿಯ ಮೇಲೆ ಸಾಲಾಗಿ ಕಣ್ಣುಗಳು. ಮನುಷ್ಯರ ಕಣ್ಣು. ಎಲ್ಲವೂ ನನ್ನನ್ನೇ ನೋಡುತ್ತಿದ್ದವು. ಗೊಂಬೆಯದೆಂದು ತಿಳಿದು ನಕ್ಕೆ.

“ನಗಬೇಡಿ ಸಾಹೇಬ್,” ಎಂದ ಮುಲ್ಲಾಜಿ. “ಆ ಹುಡುಗಿ ಇದನ್ನು ತನ್ನ ಗಂಡನಿಗೆಂದು ಹುಡುಕುತ್ತಿದ್ದಾಳೆ.”

ಮುಂದೆ ಆತ ಹೇಳಿದ್ದು ಇಷ್ಟು. ಗಂಡ ರೈಲ್ವೆಯವನು. ಪಂಚಮಿಗೆ ಮುಂಚೆ ಬೈತೂಲ್ ಆಚೆ ಸೇತುವೆಯ ಹಳೆಯ ರಿವೆಟ್ ಮೊಳೆ ಕತ್ತರಿಸುವಾಗ ಅದರ ತಲೆ ಹಾರಿ ಬಂದು ಬಲಗಣ್ಣಿಗೆ ಬಡಿಯಿತು. ಆಸ್ಪತ್ರೆಯಲ್ಲಿ ಕಣ್ಣು ತೆಗೆದರು. ಆ ಒಂದು ವಾರ ಹೆಂಡತಿ ಹತ್ತಿರವೇ ಇದ್ದಳು. ಗಾಯ ಮಾಗಿದೆ, ಈಗ ಕಾಮಠಿಯಲ್ಲಿ ಗೆಳೆಯನ ಮನೆಯಲ್ಲಿದ್ದಾನೆ. ಗಾಜಿನ ಕಣ್ಣು ಹಾಕಿಸಬಹುದು ಎಂದು ಡಾಕ್ಟರು ಹೇಳಿದ್ದಾರೆ. ಆದರೆ ಅವನ ಕಣ್ಣಿನ ಬಣ್ಣ ನಮ್ಮವರಲ್ಲಿ ಅಪರೂಪದ್ದು. ಕಪ್ಪಲ್ಲ, ಕಂದೂ ಅಲ್ಲ. ಯಾರಾದರೂ ನೋಡಿಯಾರೆಂದು ಅವನು ಅಂಗಡಿಗೆ ಬರುವುದಿಲ್ಲ, ಫೋಟೋದಲ್ಲಿ ಬಣ್ಣ ತಿಳಿಯುವುದಿಲ್ಲ. ಅವಳು ಹುಲಿಯ ಕಣ್ಣು ಕೂರಿಸುವವರನ್ನು ಕೇಳಿದಳಂತೆ, ದೇವಿಯ ಕಣ್ಣು ಬರೆಯುವವರನ್ನು ಕೇಳಿದಳಂತೆ. ಇಲ್ಲಿಂದ ಒಂದು ಒಯ್ದು ನೋಡಿದಳು. ಹೊಂದಲಿಲ್ಲ, ತಿರುಗಿ ತಂದಳು.

ಹಾಗಿದ್ದರೆ ಮನೆಗೆ ಯಾಕೆ ಬರುತ್ತಿಲ್ಲ ಎಂದು ಕೇಳಿದೆ.

ಮುಲ್ಲಾಜಿ ಪೆಟ್ಟಿಗೆಯ ಮೇಲಿನ ದೂಳು ಒರೆಸಿದ. “ಮನೆಯಲ್ಲಿ ಮಾವ ಇದ್ದಾರಂತೆ. ಹೆಂಡತಿ ತೀರಿಕೊಂಡಾಗ ಎದೆ ಹಿಡಿದು ಬಿದ್ದವರು. ಮಗನಿಗೆ ತಾಯಿಯದೇ ಕಣ್ಣು. ಮಾವ ದಿನಾ ಮಗನ ಮುಖ ನೋಡಿ, ನಿನ್ನ ಅವ್ವ ಇನ್ನೂ ಇದ್ದಾಳೆ ಎನ್ನುತ್ತಾರಂತೆ. ಒಂದು ಕಣ್ಣು ಕಳೆದುಕೊಂಡು ಅವರ ಮುಂದೆ ಹೇಗೆ ಹೋಗಲಿ ಎಂದು ಹುಡುಗ ಹಟ ಹಿಡಿದಿದ್ದಾನೆ.”

ನಾನು ಯಾರೆಂದು ಆತ ಕೇಳಲಿಲ್ಲ. ನಾನೂ ಹೇಳಲಿಲ್ಲ. ಎದ್ದು ಬಂದೆ. ದಾರಿ ತಪ್ಪಿ ಎಲ್ಲೆಲ್ಲೋ ನಡೆದು ಮನೆ ಸೇರಿದಾಗ ಅವಳು ಬಾಗಿಲಲ್ಲೇ ನಿಂತಿದ್ದಳು. ಇಷ್ಟು ಹೊತ್ತು ಎಲ್ಲಿ ಹೋಗಿದ್ದಿರಿ, ಹೆದರಿದ್ದೆ ಎಂದಳು. ಗಾಳಿಗೆ ಎಂದೆ.

ಈಗ ಬರೆಯುತ್ತ ಕೂತಾಗ ಅನಿಸುತ್ತದೆ, ಮುಲ್ಲಾಜಿಯ ಮಾತು ಸುಳ್ಳಿರಬಹುದು. ನಾನು ಹಿಂಬಾಲಿಸುವುದು ಅವಳಿಗೆ ಗೊತ್ತಾಗಿ, ಹೀಗೆ ಹೇಳಿ ಎಂದು ಕಲಿಸಿರಬಹುದು. ಇಷ್ಟು ವರ್ಷ ದೇವರ ಮುಂದೆ ಏನೇನೋ ಬೇಡಿದ್ದೇನೆ. ಇವತ್ತು ಸಂಜೆ ವಿಭೂತಿ ಹಚ್ಚಿಕೊಂಡು ಕೂತು, ಸೊಸೆ ಕೆಟ್ಟವಳೇ ಆಗಿರಲಿ ಎಂದು ಬೇಡಿಕೊಂಡೆ.

ಅಕ್ಟೋಬರ್ 15, ಗುರುವಾರ

ಅವಳು ಬಸ್ಸಿಗೆ ಹೋದಳು, ನಾನು ರೈಲಿನಲ್ಲಿ ಕಾಮಠಿಗೆ ಹೋದೆ. ಪಾಂಡುರಂಗನ ಮನೆ ಕೇಳಿಕೊಂಡು, ಎದುರಿನ ಬೇವಿನ ಮರದ ಹಿಂದೆ ನಿಂತೆ. ಮಗ್ಗದ ಸದ್ದು ಎಲ್ಲಿಂದಲೋ ಬರುತ್ತಿತ್ತು.

ಬಸವಂತ ಕಪ್ಪು ಕನ್ನಡಕ ಹಾಕಿಕೊಂಡು ಬಾಗಿಲ ಮೆಟ್ಟಿಲು ಇಳಿಯುತ್ತಿದ್ದ. ಒಂದೇ ಕಣ್ಣಿಗೆ ಆಳ ತಿಳಿಯದೆ ಒಂದು ಕಾಲು ಮುಂದೆ ಚಾಚಿ, ಮೆಟ್ಟಿಲು ಎಲ್ಲಿದೆ ಎಂದು ತಡವಿ, ಆಮೇಲೆ ಭಾರ ಹಾಕುತ್ತಿದ್ದ. ನೀಲಿ ಅಂಗಿ ಹಾಕಿದ್ದ. ಅವಳು ಕೆಳಗೆ ನಿಂತು ನೋಡುತ್ತಿದ್ದಳು. ಕೈ ಕೊಡಲಿಲ್ಲ. ಕೊನೆಯ ಮೆಟ್ಟಿಲಿನಲ್ಲಿ ಅವನು ತಪ್ಪಿದಾಗಲೂ ಎರಡು ಕೈ ಸೆರಗಿನಲ್ಲಿ ಬಿಗಿಯಾಗಿ ಹಿಡಿದುಕೊಂಡು ನಿಂತೇ ಇದ್ದಳು. ಅವನು ಸಾವರಿಸಿಕೊಂಡ. ಮತ್ತೆ ಮೇಲೆ ಹತ್ತಿ ಮೊದಲಿನಿಂದ ಇಳಿದ.

ಚಿಕ್ಕವನಿದ್ದಾಗ ಓಡುವ ಗಾಡಿಯ ಬ್ರೇಕ್‌ವ್ಯಾನಿನಿಂದ ಹಾರಿ ಇಳಿಯುತ್ತಿದ್ದ ಹುಡುಗ.

ಹೋಗಿ ಅಪ್ಪಿಕೊಳ್ಳಬೇಕೆಂದು ಎರಡು ಹೆಜ್ಜೆ ಇಟ್ಟೆ. ಆಮೇಲೆ ಯೋಚಿಸಿದೆ. ಇಷ್ಟು ದಿನ ಇವರಿಬ್ಬರೂ ಕಟ್ಟಿಕೊಂಡು ಬಂದದ್ದನ್ನು ನಾನು ಒಂದು ಗಳಿಗೆಯಲ್ಲಿ ಕೆಡವಿದ ಹಾಗಾಗುತ್ತದೆ. ಅವನು ತಲೆ ಎತ್ತಿ ನನ್ನ ಮುಂದೆ ಬರಬೇಕೆಂದಿದ್ದಾನೆ, ಬರಲಿ. ತಿರುಗಿ ಸ್ಟೇಷನ್ನಿಗೆ ನಡೆದೆ. ಎದೆಗೆ ಏನೂ ಆಗಲಿಲ್ಲ. ನಡೆಯುವಾಗ ಗಮನಿಸುತ್ತಲೇ ಇದ್ದೆ.

ಅಕ್ಟೋಬರ್ 17, ಶನಿವಾರ

ಮುಲ್ಲಾಜಿಯ ಅಂಗಡಿಗೆ ಹೋಗಿ, ಹಳೆಯ ಮಾಲು ಏನಿದ್ದರೂ ತೋರಿಸಿ ಎಂದೆ. ಮೊನ್ನೆ ಎದ್ದು ಹೋದವರು ಮತ್ತೆ ಯಾಕೆ ಬಂದಿರಿ ಎಂಬಂತೆ ನೋಡಿದ. ಬಲಗಣ್ಣು ಬೇಕು ಎಂದೆ. ಆಗ ಅವನಿಗೆ ತಿಳಿಯಿತು ಎಂದು ಕಾಣುತ್ತದೆ. ಏಣಿ ಹಾಕಿ ಅಟ್ಟದಿಂದ ಎರಡು ಪೆಟ್ಟಿಗೆ ಇಳಿಸಿದ. ಯುದ್ಧಕ್ಕೂ ಮುಂಚೆ ಜರ್ಮನಿಯಿಂದ ಬಂದವು. ಕಾಮಠಿ ದಂಡಿನ ಗೋರಾ ಸಾಹೇಬರಿಗೆಂದು ತರಿಸಿದ್ದು, ಅವರು ಹೋದ ಮೇಲೆ ಕೇಳಿದವರಿಲ್ಲ. ಬರೀ ನೀಲಿ, ಬೂದು, ಹಸಿರು. ಇವುಗಳಲ್ಲಿ ಕೆಲವನ್ನು ಅವಳಿಗೂ ತೋರಿಸಿದ್ದನಂತೆ. ಯಾವುದು ಎಂದು ಅವಳಿಗೆ ನಿಶ್ಚಯವಾಗಲಿಲ್ಲ.

ಅವಳಿಗೆ ಹೇಗೆ ಆಗಬೇಕು? ಮದುವೆಯಾಗಿ ಎರಡು ವರ್ಷ. ಅದರಲ್ಲಿ ಅರ್ಧ ಅವನು ಸೇತುವೆ ಮೇಲೆ. ನಾನು ಆ ಬಣ್ಣವನ್ನು ಲಕ್ಷ್ಮವ್ವನ ಮುಖದಲ್ಲಿ ಮದುವೆಯ ಹಂದರದಿಂದ ನೋಡುತ್ತ ಬಂದವನು. ಗಾಣದಿಂದ ತಂದ ಕುಸುಬಿ ಎಣ್ಣೆಯನ್ನು ಬಿಸಿಲಿಗೆ ಹಿಡಿದರೆ ಹೇಗೆ ಕಾಣುತ್ತದೆಯೋ ಹಾಗೆ. ಅಂಚಿಗೆ ಮಾತ್ರ ತೆಳ್ಳಗೆ ಹಸಿರು. ಸಿಟ್ಟು ಬಂದಾಗ ಹಸಿರು ಹೆಚ್ಚಾಗುತ್ತಿತ್ತು.

ಸಂಜೆಯವರೆಗೆ ಕೂತು ಒಂದೊಂದನ್ನೇ ಅಂಗಡಿಯ ಹೊರಗೆ ಬೆಳಕಿಗೆ ತಂದು ನೋಡಿದೆ. ಸಿಗಲಿಲ್ಲ. ಮುಲ್ಲಾಜಿ ಚಹಾ ತರಿಸಿದ. ಒಬ್ಬರು ಬಳಸಿದ ಕಣ್ಣನ್ನೇ ಒರೆಸಿ ಹೊಸದೆಂದು ಮಾರುತ್ತಿರಬಹುದೇ ಎಂಬ ಸಂಶಯ ಬಂತು. ಕೇಳಿಯೂ ಬಿಟ್ಟೆ. ಆತ ಸಿಟ್ಟಾದ.

ಅಕ್ಟೋಬರ್ 20, ಮಂಗಳವಾರ

ಸಿಕ್ಕಿತು. ಎರಡನೆಯ ಪೆಟ್ಟಿಗೆಯ ಕೆಳಗಿನ ಹತ್ತಿಯಲ್ಲಿ.

ಅಂಗೈ ಮೇಲೆ ಇಟ್ಟುಕೊಂಡು ಗಲ್ಲಿಯಲ್ಲಿ ನಿಂತೆ. ಸಾಮಾನು ಹೊತ್ತವರು ಬದಿಗೆ ಸರಿಯಿರಿ ಎಂದು ಕೂಗುತ್ತಿದ್ದರು. ಸರಿಯಲು ಆಗಲಿಲ್ಲ. ಲಕ್ಷ್ಮವ್ವ ಒಂದೇ ಕಣ್ಣಿನಿಂದ ನನ್ನನ್ನು ನೋಡುತ್ತಿದ್ದಳು, ಇಷ್ಟು ದಿನ ಏನು ಮಾಡುತ್ತಿದ್ದಿರಿ ಎನ್ನುವಂತೆ.

ಅವಳು ಬಂದಾಗ ಇದನ್ನೇ ಮೊದಲು ತೋರಿಸಿ, ಅಟ್ಟದಲ್ಲಿ ಈಗ ಸಿಕ್ಕಿತು ಎನ್ನಿ, ನನ್ನ ಹೆಸರು ಬರಬಾರದು ಎಂದು ಮುಲ್ಲಾಜಿಗೆ ಹೇಳಿದೆ.

“ನೀವು ಹುಡುಗನ ತಂದೆ,” ಎಂದ ಅವನು. ಕೇಳಿದ್ದಲ್ಲ, ಹೇಳಿದ್ದು.

ನಾನು ಕಣ್ಣನ್ನು ಹತ್ತಿಯ ಮೇಲೆ ಇಟ್ಟು ಎದ್ದೆ. ಬೇರೆ ಯಾರಿಗಾದರೂ ಅದನ್ನು ಮಾರಿಬಿ‌ಟ್ಟರೆ ಎಂದು ದಾರಿಯುದ್ದಕ್ಕೂ ಚಿಂತೆ. ಗಲ್ಲಿಯ ತುದಿಯಿಂದ ತಿರುಗಿ ಹೋಗಿ ಇನ್ನೊಮ್ಮೆ ಹೇಳಿ ಬಂದೆ.

ಅಕ್ಟೋಬರ್ 24, ಶನಿವಾರ

ನಿನ್ನೆ ಇತ್ವಾರಿಯಿಂದ ಬಂದವಳು ಒಲೆ ಮುಂದೆ ಏನೋ ಗುನುಗುತ್ತಿದ್ದಳು. ಇವತ್ತು ಬೆಳಿಗ್ಗೆಯೇ ರೊಟ್ಟಿ ಬಡಿದು, ಶೇಂಗಾ ಚಟ್ನಿ ಕುಟ್ಟಿ, ಸೆರಗಿನ ಮರೆಯಲ್ಲಿ ಡಬ್ಬಿ ಇಟ್ಟುಕೊಂಡು, ಸಂತೆಗೆ ಹೋಗಿ ಬರುತ್ತೇನೆ ಎಂದಳು. ಒಲೆಯ ಮೇಲೆ ಹಾಲು ಇತ್ತು, ಅದು ಉಕ್ಕಲಿ ಎಂದು ಕಾಯುತ್ತ ಚಡಪಡಿಸುತ್ತಿದ್ದಳು.

“ಹಾಲು ನಾನು ನೋಡ್ಕೋತೀನಿ,” ಎಂದೆ. “ನೀ ನಡಿ, ಬಸ್ಸು ತಪ್ಪತೈತಿ.”

ಆಡಿದ ಮೇಲೆ ತಿಳಿಯಿತು. ಸಂತೆಗೆ ಬಸ್ಸು ಯಾಕೆ? ಅವಳು ಹೊಸ್ತಿಲ ಮೇಲೆ ನಿಂತುಬಿಟ್ಟಳು. ನಾನು ಹಾಲಿನ ಪಾತ್ರೆಯೊಳಗೆ ನೋಡುತ್ತ ಕೂತೆ. ತಲೆ ಎತ್ತಲಿಲ್ಲ. ಕೊನೆಗೆ “ಹೋಗಿ ಬರ್ತೀನ್ರಿ ಮಾವಾರ” ಎಂಬ ದನಿ ಕೇಳಿತು.

ಹಾಲು ಉಕ್ಕಿ ಒಲೆ ಆರಿತು.

ಅಕ್ಟೋಬರ್ 28, ಬುಧವಾರ

ವತ್ಸಲಾಬಾಯಿ ಮತ್ತೆ ಬಂದಳು. ಸೂನ್‌ಬಾಯಿ ನಿನ್ನೆಯೂ ಕಾಮಠಿಗೆ ಹೋಗಿದ್ದಳಂತಲ್ಲ ಎಂದಳು. ನಾನೇ ಕಳಿಸಿದ್ದೆ, ಅಲ್ಲಿ ನಮ್ಮ ಸಂಬಂಧಿಕರಿಗೆ ಮೈಯಲ್ಲಿ ಸೌಖ್ಯವಿಲ್ಲ ಎಂದೆ. ಯಾವ ಸಂಬಂಧ ಎಂದು ಕೇಳಿದಳು. ಹತ್ತಿರದ್ದು ಎಂದೆ. ಈ ಹೆಂಗಸಿಗೆ ಬೇರೆಯವರ ಮನೆಯ ವಿಚಾರ ಯಾಕೆ ಬೇಕೋ ತಿಳಿಯದು. ಇವಳ ಮೇಲೆ ಒಂದು ಕಣ್ಣಿಡಬೇಕು.

ಗೋಡೆಯ ಮೇಲೆ ಫೋಟೋ ಮತ್ತೆ ಬಂದಿದೆ. ಹೊಸ ಚೌಕಟ್ಟು. ಚಲೋ ಆಗಿದೆ ಎಂದೆ.

ನವೆಂಬರ್ 5, ಗುರುವಾರ

ಬಸವಂತ ಬಂದ. ನೀಲವ್ವ ಸ್ಟೇಷನ್ನಿಗೆ ಹೋಗಿ ಕರೆದುಕೊಂಡು ಬಂದಳು. ಬೈತೂಲ್ ಗಾಡಿಯ ಹೊತ್ತಿಗೆ ಸರಿಯಾಗಿ ಬಂದರು. ಇಬ್ಬರೂ ಎಲ್ಲಿಂದ ಹೇಗೆ ಬಂದು ಆ ಹೊತ್ತು ಹಿಡಿದರೋ, ನಾನು ವಿಚಾರಿಸಲಿಲ್ಲ.

ಹೊಸ್ತಿಲು ದಾಟಿ ಕಾಲು ಮುಟ್ಟಿದ. ತಲೆ ಎತ್ತಿದ. ಕಿಟಕಿಯ ಬೆಳಕು ನೇರ ಮುಖಕ್ಕೆ ಬೀಳುತ್ತಿತ್ತು. ನೋಡಿದೆ. ಕುಸುಬಿ ಎಣ್ಣೆ, ಅಂಚಿಗೆ ಹಸಿರು. ಎರಡರಲ್ಲೂ ಅದೇ. ಬಲಗಡೆಯದು ತಿರುಗುವುದು ಕಡಿಮೆ, ಗೊತ್ತಿದ್ದವರಿಗೆ ಮಾತ್ರ ತಿಳಿಯುತ್ತದೆ. ರೆಪ್ಪೆಯ ಮೇಲೆ ಒಂದು ಸಣ್ಣ ಗೆರೆ ಉಳಿದಿದೆ.

“ಹಂಗ್ಯಾಕ ನೋಡ್ತೀರಿ ಅಪ್ಪಾರ?”

“ಸೊರಗೀಯಲ್ಲ, ಅದಕ್ಕ.”

ಅವನ ಹಿಂದೆ ನಿಂತಿದ್ದ ನೀಲವ್ವ ಹಿಡಿದಿದ್ದ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಸಂಜೆ ಮೂವರೂ ಬಜಾರಿಗೆ ಹೋದೆವು. ಟಾಂಗಾ, ಸೈಕಲ್ಲು, ಹಬ್ಬದ ಗದ್ದಲ. ನಾನು ಅವನ ಬಲಗಡೆಗೆ ನಡೆದೆ. ಪಣತಿ ಕೊಂಡೆವು. ಮಾರುವವನು ಕೊಟ್ಟವುಗಳಲ್ಲಿ ಎರಡು ಸೀಳಿದ್ದವು, ಬದಲಿಸಿಕೊಂಡೆ.

ನವೆಂಬರ್ 6, ಶುಕ್ರವಾರ, ಅಮಾವಾಸ್ಯೆ

ಶೇಂಗಾ ಹೋಳಿಗೆ ಮಾಡಿದ್ದಳು. ಅಪ್ಪ ಮಗ ಪಕ್ಕ ಪಕ್ಕ ಕೂತೆವು. ಬಸವಂತ ಹೊಳೆಯ ನೀರಿನ ಕಥೆ, ಬೈತೂಲಿನ ಚಳಿಯ ಕಥೆ ಹೇಳುತ್ತಿದ್ದ. ಆಗಸ್ಟ್‌ನಿಂದ ಕಾಣದ ಹೊಳೆಯ ಬಗ್ಗೆ ಚೆನ್ನಾಗಿಯೇ ಹೇಳಿದ. ನಾನು ನಡುನಡುವೆ ಹೌದೇನು ಎನ್ನುತ್ತಿದ್ದೆ.

ನೀಲವ್ವ ಕಾದ ತುಪ್ಪದ ಗಿಂಡಿ ತಂದು ನಮ್ಮಿಬ್ಬರ ನಡುವೆ ಇಟ್ಟು ಒಲೆಯ ಕಡೆ ತಿರುಗಿದಳು. ಅವನು ಮಾತಿನ ಭರದಲ್ಲಿ ನನ್ನ ಕಡೆ ವಾಲಿದ. ಮೊಳಕೈ ಗಿಂಡಿಯ ಕಡೆ ಹೋಯಿತು. ಅದು ಅವನ ಬಲಗಡೆಗಿತ್ತು, ಅವನಿಗೆ ಕಾಣುತ್ತಿರಲಿಲ್ಲ.

ನನ್ನ ಕೈ ಮುಂದೆ ಹೋಯಿತು. ಅದೇ ಹೊತ್ತಿಗೆ ಅವಳ ಕೈಯೂ ಬಂತು. ಗಿಂಡಿಯ ಮೇಲೆ ಎರಡೂ ಕೈ ಒಂದರ ಮೇಲೊಂದು. ಸುಡುತ್ತಿತ್ತು, ಇಬ್ಬರೂ ಬಿಡಲಿಲ್ಲ. ಇಬ್ಬರೂ ಸೇರಿ ಅದನ್ನು ಅವನ ಎಡಗಡೆಗೆ ಎತ್ತಿ ಇಟ್ಟೆವು.

ಬಸವಂತನ ಮಾತು ನಿಂತಿತು. ಮುಖವನ್ನು ಪೂರ್ತಿ ತಿರುಗಿಸಿ ಅವಳನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ. ತಲೆ ಬಗ್ಗಿಸಿದ.

“ನಿಮಗ ಯಾವಾಗಿಂದ ಗೊತ್ತೈತ್ರಿ ಅಪ್ಪಾರ?”

“ಉಣ್ಣು,” ಎಂದೆ. “ಹೋಳಿಗಿ ಆರತಾವು.”

ಅವನು ಹೋಳಿಗೆ ಮುರಿದ. ನಾನೂ ಮುರಿದೆ. ನೀಲವ್ವ ನಮಗೆ ಬೆನ್ನು ಮಾಡಿ ಕೂತು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು. ಹೊಗೆ ಹತ್ತಿತು ಎಂದಳು. ಒಲೆಯಲ್ಲಿ ಬರೀ ಕೆಂಡ ಇತ್ತು.